ರಬ್ಬರ್ ಕೈ ಎಲ್ಲಿ ಹೋಯಿತು?

ಮಂಚದ ಮೇಲೆ ಗೊಂಬೆ ಇತ್ತು. ಗೊಂಬೆಗೆ ಬಲಗೈ ಇರಲಿಲ್ಲ!

ಸೂಜಿ ಚುಚ್ಚಿ ಕಲಿಯಲೆಂದು ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿದ್ದ ಒಂದೇ ಒಂದು ರಬ್ಬರ್ ಕೈ ಅದು. ಕೊನೆಯ ವರ್ಷದ ಪರೀಕ್ಷೆ ಇನ್ನೇನು ಶುರುವಾಗಬೇಕು. ಲ್ಯಾಬ್ ಟೀಚರ್ ನೆಟ್ಟಗೆ ಬಂದು ನಿಂತದ್ದು ಪುಕ್ಕಲಿಯ ಮುಂದೆ. ರಕ್ತನಾಳ ಸಿಗದೆ ಎರಡು ಸಲ ಫೇಲಾದವಳು ಪಾಪ, ಆ ಅಡ್ಡಹೆಸರು ಗೆಳತಿಯರ ಕೃಪೆ.

"ಎಲ್ಲಿಟ್ಟಿದ್ದೀಯ?"

"ನಾನು ಮುಟ್ಟಿಲ್ಲ ಮೇಡಂ!"

"ನಿನ್ನೆ ಕೊನೇಲಿ ಹೋದೋಳು ಯಾರು?"

"ನಾನೇ... ಆದ್ರೆ—"

"ಆದ್ರೆ ಗೀದ್ರೆ ಬೇಡ. ಕೈ ಸಿಗೋವರೆಗೂ ನಿನಗೆ ಪರೀಕ್ಷೆ ಇಲ್ಲ."

ಮೂರನೇ ಸಲವೂ ತಪ್ಪಿದರೆ ಓದಿಗೇ ಎಳ್ಳುನೀರು.

ಆಗ ಬಂದಳು ಎಂ.ಎಸ್ಸಿ. ಅಕ್ಕ. ಇದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ದುಡಿದು, ಈಗ ಮೇಲಿನ ಓದಿಗೆ ಮರಳಿದವಳು. ಮಂಚಕ್ಕೆ ಒಂದು ಸುತ್ತು ಹಾಕಿದಳು.

"ಬೀಗ ಒಡೆದಿಲ್ಲ. ಕೀ ಯಾರ ಹತ್ರ ಇತ್ತು ಮೇಡಂ?"

"ನನ್ನ ಹತ್ರ. ಅಭ್ಯಾಸ ಮಾಡ್ತೀನಿ ಅಂತ ಅತ್ತಿದ್ದಕ್ಕೆ ಇವಳಿಗೂ ಕೊಟ್ಟಿದ್ದೆ. ಇನ್ನೊಂದು ನಮ್ಮ ವಿಭಾಗದ ಮುಖ್ಯಸ್ಥೆ, ದೊಡ್ಡ ಮೇಡಂ ಹತ್ರ. ಅವರಂತೂ ಬಿಡು! ಲ್ಯಾಬಿನ ಹತ್ತಿಯೂ ಹೊಸ್ತಿಲು ದಾಟಬಾರದು ಅಂತ ನಿಯಮ ಮಾಡಿದ್ದೇ ಅವರು."

ಅಕ್ಕ ಪುಕ್ಕಲಿಯತ್ತ ತಿರುಗಿದಳು. "ನಿನ್ನೆ ಹೋಗುವಾಗ ದಿಂಬು ಹೇಗಿಟ್ಟೆ?"

"ಕವರಿನ ಬಾಯಿ ಕಿಟಕಿ ಕಡೆಗೆ ಅಕ್ಕ. ಬಾಯಿ ಬಾಗಿಲಿಗೆ ಕಾಣಬಾರದು ಅಂತ ಮೊದಲನೇ ವಾರವೇ ಕಲಿಸ್ತಾರಲ್ಲ?"

"ಈಗ ನೋಡು."

ಅಯ್ಯೋ! ದಿಂಬಿನ ಬಾಯಿ ಬಾಗಿಲಿಗೇ ತಿರುಗಿತ್ತು.

"ಅವಸರದಲ್ಲಿ ಮರೆತಿದ್ದಾಳೆ," ಎಂದರು ಲ್ಯಾಬ್ ಟೀಚರ್.

"ಅವಸರವೇ? ಹಾಸಿಗೆಯ ಮೂಲೆಗಳ ಮಡಿಕೆ ನೋಡಿ, ಎಷ್ಟು ಬಿಗಿ! ಕೈ ತೆಗೆದೋರು ಹಾಸಿಗೆ ಮತ್ತೆ ನೀಟಾಗಿ ಹಾಸಿ ಹೋಗಿದ್ದಾರೆ. ಮೇಡಂ, ನಾನು ಓದುವಾಗ ಬಾಗಿಲು ಆ ಕಿಟಕಿಯ ಜಾಗದಲ್ಲಿತ್ತು. ಗೋಡೆ ಒಡೆದು ಈಚೆ ಇಟ್ಟಿದ್ದು ಇವರೆಲ್ಲ ಸೇರೋಕೆ ಮುಂಚೆ. ನೀವೂ ಆಮೇಲೆ ಬಂದೋರು. ಹಳೇ ಬಾಗಿಲಿನ ಲೆಕ್ಕದಲ್ಲಿ ದಿಂಬಿಡೋರು ಇಲ್ಲಿ ಇಬ್ಬರೇ. ಒಂದು ನಾನು, ನನ್ನ ಹತ್ರ ಕೀ ಇಲ್ಲ. ಇನ್ನೊಬ್ಬರು ನನಗೆ ಹಾಸಿಗೆ ಹಾಸೋದು ಕಲಿಸಿದೋರು."

"ಅಂದ್ರೆ... ದೊಡ್ಡ ಮೇಡಂ?"

"ಹೌದು, ನಾನೇ!"

ಬಾಗಿಲಲ್ಲಿ ದೊಡ್ಡ ಮೇಡಂ ಏದುಸಿರು ಬಿಡುತ್ತ ನಿಂತಿದ್ದರು. ಕಂಕುಳಲ್ಲಿ ರಬ್ಬರ್ ಕೈ!

"ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ಇಂಥದ್ದರಲ್ಲಿ ನಾಳ ಹುಡುಕು ಅಂದ್ರೆ ಈ ಮಗು ಎಲ್ಲಿ ಹುಡುಕಬೇಕು? ರಾತ್ರಿಯೆಲ್ಲ ಮನೇಲಿ ಕೂತು ನಾಳದ ಜಾಗಕ್ಕೆ ಹೊಸ ಕೊಳವೆ ಹಾಕಿದೆ. ನನ್ನ ನಿಯಮ ನಾನೇ ಮುರಿದೆ ಅಂತ ಯಾರಿಗೂ ಹೇಳಲಿಲ್ಲ. ಬೇಗ ತಂದಿಡೋಣ ಅಂದ್ರೆ ಬಸ್ಸು ಕೈಕೊಡ್ತು."

ಲ್ಯಾಬ್ ಟೀಚರ್ ಮುಖ ಸಣ್ಣಗಾಯಿತು. "ತಪ್ಪು ತಿಳ್ಕೊಂಡೆ ಕಣಮ್ಮ," ಎಂದು ಪುಕ್ಕಲಿಯ ಭುಜ ಮುಟ್ಟಿದರು. ಅವಳಿಗೋ ದುಃಖ ಉಕ್ಕಿ ಬಂತು. ಹೆತ್ತವರಲ್ಲ, ಒಡಹುಟ್ಟಿದವರಲ್ಲ. ಒಬ್ಬರು ತನಗಾಗಿ ನಿದ್ದೆಗೆಟ್ಟಿದ್ದರು, ಒಬ್ಬಳು ತನ್ನ ಮಾತು ನಂಬಿದ್ದಳು. ಈ ಋಣ ಹೇಗೆ ತೀರಿಸುವುದು?

ಪರೀಕ್ಷೆಯಲ್ಲಿ ಮೊದಲ ಚುಚ್ಚಿಗೇ ಸೂಜಿಯ ಹಿಂದೆ, ರಕ್ತದ ಬದಲಿಗೆ ಕೊಳವೆಯಲ್ಲಿ ತುಂಬಿದ್ದ ಕೆಂಪು ನೀರು ಕಾಣಿಸಿಕೊಂಡಿತು.

"ಬಂತು ಮೇಡಂ! ನಿಮ್ಮ ಉಪಕಾರ ನಾನು ಸಾಯೋವರೆಗೂ—"

"ಆಮೇಲೆ ಹೇಳೇ ಹುಡುಗಿ!" ದೊಡ್ಡ ಮೇಡಂ ಕಣ್ಣೊರೆಸಿಕೊಳ್ಳುತ್ತಲೇ ಗದರಿದರು. "ಮೊದಲು ಪ್ಲಾಸ್ಟರ್ ಅಂಟಿಸು, ಸೂಜಿ ಜಾರುತ್ತೆ."