ತುಳಸವ್ವನ ಉಸಿರು

ಹಾರೂಗೇರಿಯ ನನ್ನ ಸ್ಟುಡಿಯೊದಲ್ಲಿ ಜನಪದ ಹಾಡುಗಾರ್ತಿ ತುಳಸವ್ವ ಕೊನೆಯ ಸಲ ಹಾಡಿದ್ದು 2011ರಲ್ಲಿ. ಹಾಡಿನ ನುಡಿನುಡಿಯ ನಡುವೆ ಅವಳೆಳೆದ ಉಸಿರನ್ನೆಲ್ಲ ಕತ್ತರಿಸಿ ತೆಗೆದೆ, ಸಿ.ಡಿ. ಮಾಡುವವರಿಗೆ ಅದು ಬೇಡವಂತೆ.

“ನನ್ನ ಉಸರ ಎಲ್ಲಿ ಒಗದಿ ಲೇ ತಮ್ಮಾ?” ಎಂದು ಕೇಳಿ ನಕ್ಕಳು. ತಿಂಗಳೊಳಗೆ ತೀರಿಕೊಂಡಳು. ನನ್ನ ಕೈಗಳ ಮೇಲೇ ಸಿಟ್ಟು ಬಂದು ಸ್ಟುಡಿಯೊ ಮುಚ್ಚಿ, ಕಾಡಿನ ಕಥೆ ಬರೆಯತೊಡಗಿದೆ.

ತೋಳದ ಕಥೆಯೊಂದನ್ನು ಬರೆಯುವಾಗ ಕೇಳಿಕೊಳ್ಳಲೆಂದು ಕರೋಶಿಯ ಕುರುಚಲು ಗುಡ್ಡದಲ್ಲಿ ನಡುಮಧ್ಯಾಹ್ನ ಒಂದು ನಿಮಿಷದ ಮೌನವನ್ನು ರೆಕಾರ್ಡ್ ಮಾಡಿದೆ. ಗಾಳಿಯಿರಲಿಲ್ಲ, ಹಕ್ಕಿಯೂ ಇರಲಿಲ್ಲ. ಮನೆಗೆ ಬಂದು ಕೇಳಿದರೆ ಅದರ ತುಂಬ ಅವಳ ಉಸಿರು, ಒಂದಾದ ಮೇಲೊಂದು, ಹಾಡಿಲ್ಲದೆ.

ಅವಳ ಗಂಡ ತುಕಾರಾಮ ಕಾಕಾನ ಕಿವಿಗೆ ಹೆಡ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ನಿಮಿಷ ಮುಗಿದು ಯಂತ್ರ ನಿಂತಿತು. ಹೆಡ್‌ಫೋನ್ ತೆಗೆಯಹೋದರೆ ನನ್ನ ಕೈ ಹಿಡಿದರು.

“ತಡಿ, ಇನ್ನ ಎರಡ ನುಡಿ ಅದಾವು.”