ಡಬ್ಬಿಯೊಳಗಿನ ಹಸಿರು ನೂಲು

"ಥೂ! ಮೊದಲು ಆ ಡಬ್ಬಿ ಮುಚ್ಚಿ!"

ಟೈಲರಮ್ಮ ಮೂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಹಳದಿ ನೊರೆ, ಅರೆಬೆಂದ ಮೀನಿನ ನಾತ... ಬೆಳಬೆಳಗ್ಗೆ ಬಾಗಿಲಲ್ಲಿ ಬೆಕ್ಕಿನ ವಾಂತಿ!

"ಮೇಡಂ, ನಾನು ಮೇಲಿನ ಮನೆಯವನು. ಒಂದೇ ಒಂದ್ ಸಲ ನೋಡಿ. ನೀವು ಟೈಲರ್ ಅಂತ ಬಂದೆ..."

"ಟೈಲರ್ ಆದ್ರೆ? ವಾಂತಿಗೆ ಅಂಗಿ ಹೊಲಿಬೇಕಾ? ಛೀ!"

ಬಾಗಿಲು ದಢಾರನೆ ಮುಚ್ಚಿತು. ಟೈಲರಮ್ಮ ಎಂದರೆ ವಯಸ್ಸಾದವಳು ಎಂದುಕೊಳ್ಳಬೇಡಿ, ಅವಳಿಗಿನ್ನೂ ಇಪ್ಪತ್ತೊಂಬತ್ತು. ಬಾಗಿಲಿಗೆ ಒರಗಿ ನಿಂತವಳಿಗೆ ಅಳು ಬಂತು.

'ಇವರೇನಾ ಅವರು?'

ಆ ಕಟ್ಟಡದ ಎಂಟು ಮನೆಯವರು ಸೇರಿ ಫೋನಿನಲ್ಲಿ 'ಬೆಕ್ಕಿನ ಬಳಗ' ಮಾಡಿಕೊಂಡಿದ್ದರು. ದಿನಾ ಬೆಳಗ್ಗೆ ಬೆಕ್ಕಿನದೊಂದು ಫೋಟೋ ಹಾಕಬೇಕು, ಜೊತೆಗೆ ಬೆಕ್ಕೇ ಹೇಳಿದ ಹಾಗೆ ಪುಟ್ಟ ಕಥೆ ಬರೆಯಬೇಕು. ಮೇಲಿನ ಮನೆಯ ಕೆಂಚು ಬೆಕ್ಕು ಗುಂಡನ ಕಥೆ ಎಂದರೆ ಟೈಲರಮ್ಮನಿಗೆ ಪ್ರಾಣ. 'ಅಪ್ಪ ಕನ್ನಡಕ ಹುಡುಕುತ್ತಿದ್ದರು. ನಾನು ಅದರ ಮೇಲೇ ಕೂತಿದ್ದೆ. ಹೇಳಲಿಲ್ಲ.'

ಬರೆಯುವವನು ಕನ್ನಡಕದ ಅಂಗಡಿಯವನು. ಹೊಸದಾಗಿ ಬಂದವನು, ಅಂಗಡಿಗೆ ಹೋದರೆ ರಾತ್ರಿಯೇ ಬರುವವನು, ಮುಖ ನೋಡಿರಲಿಲ್ಲ. ನಾಲ್ಕು ತಿಂಗಳಿಂದ ಮೊದಲ ಭೇಟಿಯನ್ನು ಮನಸ್ಸಿನಲ್ಲೇ ನೂರು ಸಲ ಹೊಲಿದು ಬಿಚ್ಚಿದ್ದಳು. ಕೊನೆಗೆ ಆತ ತಂದಿದ್ದೇನು? ಕಕ್ಕಿದ್ದನ್ನು!

ಸಿಟ್ಟಿನಲ್ಲಿ ಬಳಗಕ್ಕೆ ಬರೆದೇಬಿಟ್ಟಳು: 'ವಾಂತಿ ಹಿಡಿದು ಮನೆಮನೆ ತಿರುಗುವವರಿಗೆ ಮಾನ ಮರ್ಯಾದೆ ಇಲ್ಲವೇ?' ಬಳಗ ನಡೆಸುವ, ಎಲ್ಲರೂ ಅತ್ತೆ ಎಂದೇ ಕರೆಯುವ ಎದುರು ಮನೆಯವರು 'ಛೀ ಛೀ' ಎಂದರು. ಉಳಿದವರೂ ಒಗ್ಗರಣೆ ಹಾಕಿದರು. ಆತ ಬಳಗ ಬಿಟ್ಟುಹೋದ.

ಮರುದಿನ ಬೆಳಗ್ಗೆ ಗುಂಡನ ಕಥೆ ಬರಲಿಲ್ಲ.

'ಬರದಿದ್ದರೆ ಪೀಡೆ ಹೋಯ್ತು' ಎಂದುಕೊಂಡರೂ ಟೈಲರಮ್ಮನ ಕೈ ಓಡಲಿಲ್ಲ. ಸಮವಸ್ತ್ರದ ಲಂಗಗಳ ಅಂಚು ಹೊಲಿಯಲು ಪ್ರತಿ ಸಂಜೆ ಹತ್ತು ಎಳೆ ಹಸಿರು ನೂಲು ಕತ್ತರಿಸಿ ಕಿಟಕಿಯ ಸರಳಿಗೆ ನೇತುಹಾಕುವುದು ಅವಳ ರೂಢಿ. ಒಂದೊಂದೂ ಸರಿಯಾಗಿ ಎರಡು ಮೊಳ. ನಿನ್ನೆ ಬೆಳಗ್ಗೆ ಅದರಲ್ಲಿ ಮೂರು ಕಾಣಿಸಿರಲಿಲ್ಲ. ಗಾಳಿಗೆ ಹೋಗಿರಬೇಕೆಂದು ಸುಮ್ಮನಾಗಿದ್ದಳು.

ಈಗ ಸರಳಿನಲ್ಲಿ ಸಿಕ್ಕಿಕೊಂಡಿದ್ದ ಕೂದಲು ಕಂಡಿತು... ಕೆಂಚು ಕೂದಲು! ಅವಳ ಬೆಕ್ಕು ಮಸಿ ಪೂರ್ತಿ ಕಪ್ಪು.

'ಅಯ್ಯೋ ದೇವರೇ... ಟೈಲರ್ ಅಂತ ಬಂದೆ ಅಂದ್ರಲ್ಲ!'

ಟೇಪು ಕೊರಳಲ್ಲೇ ಇತ್ತು. ಮೆಟ್ಟಿಲಿಗೆ ಓಡಿದಳು. ಆತ ಬುಟ್ಟಿ ಹಿಡಿದು ಇಳಿಯುತ್ತಿದ್ದ. ಒಳಗೆ ಗುಂಡ ಕಣ್ಣು ಅರೆ ತೆರೆದು ಬಿದ್ದಿತ್ತು. ಇನ್ನೊಂದು ಕೈಯಲ್ಲಿ ಅದೇ ಡಬ್ಬಿ.

"ಹಸಿರು ನೂಲು ತಾನೇ? ಅದು ನಂದು..."

ಆತನ ಮುಖ ಬಿಳುಚಿತು. "ಎಲ್ಲಾ ಹೊರಗೆ ಬಂತಾ, ಇನ್ನೂ ಒಳಗಿದೆಯಾ ಅಂತ ಡಾಕ್ಟ್ರು ಕೇಳ್ತಿದಾರೆ. ನಂಗೇನ್ ಗೊತ್ತಾಗುತ್ತೆ?"

"ಡಬ್ಬಿ ಕೊಡಿ."

"ನಿನ್ನೆಯದು. ಗಬ್ಬು ನಾರ್ತಿದೆ..."

"ಕೊಡಿ ಅಂದೆ!"

ಮುಚ್ಚಳ ತೆಗೆದ ಕೂಡಲೇ ನಾತ ಮುಖಕ್ಕೆ ರಾಚಿತು. ಕಣ್ಣಲ್ಲಿ ನೀರು. ಆದರೂ ಬೆರಳು ಅದ್ದಿದಳು. ಲೋಳೆ ಲೋಳೆ, ತಣ್ಣಗೆ... ಥೂ! ಸಿಕ್ಕು ಬಿಡಿಸಿ ಮೆಟ್ಟಿಲ ಮೇಲೆ ಹಾಸಿ ಟೇಪು ಹಿಡಿದಳು. ಎರಡು ಮೊಳದ ಒಂದು ಎಳೆ. ಅಷ್ಟೇ ಉದ್ದದ ಇನ್ನೊಂದು.

"ಎರಡೇ ಇದೆ. ಹೋಗಿದ್ದು ಮೂರು. ಇನ್ನೊಂದು ಹೊಟ್ಟೇಲಿದೆ... ನಡೀರಿ, ಬೇಗ!"

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮೂರನೆಯ ಎಳೆ ತೆಗೆದರು. "ಇನ್ನೊಂದು ದಿನ ಬಿಟ್ಟಿದ್ದರೆ ಕರುಳು ಹರೀತಿತ್ತು" ಎಂದರು ಡಾಕ್ಟರು.

ಹೊರಗಿನ ಬೆಂಚಿನಲ್ಲಿ ಟೈಲರಮ್ಮ ಬಿಕ್ಕಿದಳು. "ನನ್ನಿಂದಲೇ ಆಯ್ತು. ಮೇಲಿಂದ ನಿಮ್ಮ ಮಾನಾನೂ ಕಳೆದೆ."

"ಹೌದು, ತಪ್ಪು ನಿಮ್ಮದೇ. ಸುಮ್ನೆ ಸಮಾಧಾನ ಹೇಳಲ್ಲ. ಕಿಟಕಿಗೆ ಜಾಲರಿ ಹಾಕಿಸಿ." ಆತ ಕರವಸ್ತ್ರ ಚಾಚಿದ. "ಆದ್ರೆ ಅದ್ರೊಳಗೆ ಕೈ ಹಾಕಿದ್ರಲ್ಲ... ನಾನೇ ಹಾಕಿರಲಿಲ್ಲ."

"ಗುಂಡನ ಕಥೆ ಓದದೆ ನಂಗೆ ಬೆಳಗಾಗಲ್ಲ. ಬರೆಯೋರು ಇಷ್ಟ ಆಗ್ಬಿಟ್ಟಿದ್ರು. ಅದಕ್ಕೇ ಅಷ್ಟು ಸಿಟ್ಟು ಬಂತು..." ಬಾಯಿ ತಪ್ಪಿ ಬಂದ ಮಾತಿಗೆ ಅವಳ ಕಿವಿ ಕೆಂಪಾಯಿತು. ಆತ ಕನ್ನಡಕ ತೆಗೆದು ಒರೆಸುತ್ತಾ ಕೂತ.

ಅವತ್ತೇ ಟೈಲರಮ್ಮ ಬಳಗದಲ್ಲಿ ಎಲ್ಲರೆದುರು ಕ್ಷಮೆ ಕೇಳಿದಳು. ಅತ್ತೆಗೆ ದುಂಬಾಲು ಬಿದ್ದು ಆತನನ್ನು ಮತ್ತೆ ಸೇರಿಸಿದಳು. ಜಾಲರಿಯನ್ನೂ ಹಾಕಿಸಿದಳು. ಆದರೆ ಗುಂಡನ ಕಥೆ ಮಾತ್ರ ಬರಲಿಲ್ಲ. ಒಂದು ದಿನ... ಎರಡು ದಿನ... ಐದು ದಿನ!

ಆರನೆಯ ಬೆಳಗ್ಗೆ ಫೋನು ಸದ್ದು ಮಾಡಿತು. ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡ ಗುಂಡನ ಫೋಟೋ.

'ನಾನು ಕೆಳಗಿನ ಮನೆಗೆ ನೂಲಿನ ಆಸೆಗೆ ಹೋದೆ. ಅಪ್ಪನಿಗೂ ಅಲ್ಲಿಗೆ ಹೋಗುವ ಆಸೆ. ಐದು ದಿನದಿಂದ ನೆಪ ಹುಡುಕುತ್ತಿದ್ದಾರೆ.'

ಇಡೀ ಬಳಗ ನೋಡುತ್ತಿದೆ! ಟೈಲರಮ್ಮ ಮಸಿಯ ಫೋಟೋ ಹಾಕಿ ಬರೆದಳು:

'ಗುಂಡ, ಅಪ್ಪನಿಗೆ ಹೇಳು. ನೆಪ ಬೇಡ, ಅಮ್ಮ ಬಾಗಿಲು ತೆರೆದೇ ಇಟ್ಟಿದ್ದಾಳೆ. ಬರುವಾಗ ಆ ಡಬ್ಬಿ ಮಾತ್ರ ತರಬಾರದಂತೆ!'