ಶುಕ್ರವಾರ ಸುಡಬೇಕಿದ್ದ ದೋಣಿ

ಡಿಸೆಂಬರ್ 10, ಬುಧವಾರ, ಸಂಜೆ 4.10. ಕೊಲ್ಲಿ ದೇಶವೊಂದರ ಮರಳುಗಾಡಿನ ಅಂಚಿನ ಠಾಣೆಗೆ ಇಬ್ಬರು ದೂರು ಕೊಡಲು ಬಂದರು. ಹಿರಿಯರಾದ ಪೂವಪ್ಪ ಅಲ್ ಖೌದ್‌ನ ಕಚೇರಿಯೊಂದರಲ್ಲಿ ಮ್ಯಾನೇಜರ್. ಹನ್ನೆರಡು ಕಿಲೋಮೀಟರ್ ಒಳಗೆ ನಡೆಯುತ್ತಿದ್ದ ಕಲಾಮೇಳದಲ್ಲಿ ಕನ್ನಡಿಗರ ಶಿಬಿರದ ಮುಖ್ಯಸ್ಥರೂ ಅವರೇ. ಜೊತೆಗಿದ್ದವನು ಮೈಸೂರಿನ ಚಲುವರಾಜು. ಶಿಬಿರದ ಜನರೇಟರ್ ಮತ್ತು ಬೆಂಕಿಯ ಪರವಾನಗಿ ಅವನ ಜವಾಬ್ದಾರಿ.

ಇನ್‌ಸ್ಪೆಕ್ಟರ್ ಹಮೂದ್ ಅರಬಿಯಲ್ಲಿ ಕೇಳಿದ. ಠಾಣೆಯ ದುಭಾಷಿ ನಝೀರಾ ಕನ್ನಡಕ್ಕೆ ತಂದಳು. ಅವಳು ಉಳ್ಳಾಲದವಳು.

"ಏನು ಕಳೆದಿದೆ?"

"ದೋಣಿ."

ಹಮೂದ್ ಪೆನ್ನು ಎತ್ತಿದ. "ಮರಳುಗಾಡಿನಲ್ಲಿ ದೋಣಿ?"

"ಹೌದು ಮಾರಾಯ್ರೆ, ಮರಳಲ್ಲೇ. ಕಲೆ ಅಲ್ವಾ," ಎಂದರು ಪೂವಪ್ಪ.

ದೋಣಿ ಒಂಬತ್ತಡಿಯದು, ಪ್ಲೈವುಡ್‌ನದು. ಇಬ್ಬರು ಎತ್ತಬಹುದಾದಷ್ಟು ಹಗುರ. ಕಳೆದ ವರ್ಷ ಇದೇ ಮೇಳಕ್ಕೆಂದು ಅದನ್ನು ಕಟ್ಟಿದವನು ಮಲ್ಪೆಯ ಲಕ್ಷಿತ್. ಏಪ್ರಿಲ್‌ನಲ್ಲಿ ನಿಜ್ವಾ ರಸ್ತೆಯಲ್ಲಿ ಅಪಘಾತವಾಗಿ ಅವನು ತೀರಿಕೊಂಡ. ಮೇಳದ ಕೊನೆಯ ದಿನ, ಶುಕ್ರವಾರ ಸಂಜೆ ಐದೂವರೆಗೆ, ಅವನ ನೆನಪಿಗೆ ಆ ದೋಣಿಯನ್ನು ಸುಡುವುದೆಂದು ಶಿಬಿರ ತೀರ್ಮಾನಿಸಿತ್ತು. ದೋಣಿ ಮೇಳದ ಪಟ್ಟಿಯಲ್ಲಿ ಶಿಬಿರದ ಸ್ವತ್ತೆಂದು ದಾಖಲಾಗಿತ್ತು. ಹಸ್ತಾಂತರದ ಪತ್ರಕ್ಕೆ ಅವನ ಹೆಂಡತಿ ಸಮೀಕ್ಷಾ ಸಹಿ ಹಾಕಿದ್ದಳು.

"ಯಾರ ಮೇಲಾದರೂ ಅನುಮಾನ?"

ಪೂವಪ್ಪ ಚಲುವರಾಜುವನ್ನು ನೋಡಿದರು. "ಇವರೊಬ್ರು ಸುಡುವುದು ಬೇಡ ಅಂತ ಮೀಟಿಂಗಲ್ಲಿ ಗಲಾಟೆ ಮಾಡಿದ್ರು."

"ಏನ್ರೀ ನೀವು, ಜೊತೇಲಿ ಕರ್ಕೊಂಡ್ ಬಂದು ಇಲ್ಲೇ ಹಿಡ್ಸಿಕೊಡ್ತೀರಲ್ಲ," ಎಂದ ಚಲುವರಾಜು. "ಒಳ್ಳೆ ಹಲಗೆ ಸುಡಬೇಡಿ ಅಂದೆ, ಅಷ್ಟೇ. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಿಮ್ಮ ಪಕ್ಕದಲ್ಲೇ ಕೂತು ತೂಕಡಿಸ್ತಿದ್ನಲ್ಲ, ಮರೆತ್ರಾ?"

ಬುಧವಾರ ಒಂದರಿಂದ ಮೂರರವರೆಗೆ ಮುಖ್ಯ ಡೇರೆಯಲ್ಲಿ ಸುರಕ್ಷತಾ ಸಭೆಯಿತ್ತು. ಎಲ್ಲರೂ ಹೋಗುವುದು ಕಡ್ಡಾಯ. ಶಿಬಿರಕ್ಕೊಬ್ಬರು ಮಾತ್ರ ಕಾವಲಿಗೆ ಉಳಿಯಬಹುದಿತ್ತು. ಉಳಿದವಳು ಸಮೀಕ್ಷಾ. ಅಡುಗೆ ಡೇರೆಯಲ್ಲಿದ್ದೆ, ಜನರೇಟರ್ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದು ಅವಳು ಹೇಳಿದ್ದಳು.

ಊರಿನಲ್ಲಾದರೆ ಎಫ್‌ಐಆರ್ ಎನ್ನುವ ದಾಖಲೆಗೆ 4.35ಕ್ಕೆ ಸಹಿ ಬಿತ್ತು. ಗಾಳಿ ಏಳುವ ಮುಂಚೆ ಗುರುತುಗಳನ್ನು ನೋಡಬೇಕಿತ್ತು.

ಸ್ಥಳದಲ್ಲಿ ಕಾನ್‌ಸ್ಟೇಬಲ್ ಮುಬಾರಕ್ ಎಲ್ಲರನ್ನೂ ದೂರ ನಿಲ್ಲಿಸಿದ. ಅವನ ಮನೆಯವರು ಮೂರು ತಲೆಮಾರು ಒಂಟೆ ಕಾದವರು. ಕಳೆದುಹೋದ ಒಂಟೆಯ ಜಾಡು ಹಿಡಿಯುವ ಕಣ್ಣು ಅವನದು. ದೋಣಿ ನಿಂತಿದ್ದ ಜಾಗವನ್ನು ಎರಡು ಸುತ್ತು ಬಂದು ಕುಕ್ಕರುಗಾಲಿನಲ್ಲಿ ಕೂತ.

"ಪಿಕಪ್ ಬಂದಿದೆ. ಟೈರಿನ ಗಾಳಿ ಇಳಿಸಿದ್ದಾರೆ, ಅಚ್ಚು ಅಗಲವಾಗಿದೆ. ಎತ್ತಿದವರು ಇಬ್ಬರು. ಒಬ್ಬ ಚಪ್ಪಲಿಯಲ್ಲಿ. ಇನ್ನೊಬ್ಬರು ಸಣ್ಣ ಕಾಲಿನವರು. ಬೂಟಿನಲ್ಲಿ ಇಲ್ಲಿಯವರೆಗೆ ಬಂದಿದ್ದಾರೆ. ಇಲ್ಲಿ ಬೂಟು ಬಿಚ್ಚಿ ಬರಿಗಾಲಲ್ಲಿ ದೋಣಿಯ ಹತ್ತಿರ ಹೋಗಿದ್ದಾರೆ. ಎತ್ತಿಟ್ಟ ಮೇಲೆ ವಾಪಸ್ ಬಂದು ಹಾಕಿಕೊಂಡಿದ್ದಾರೆ."

"ಸದ್ದಾಗಬಾರದೆಂದೇ?"

"ಮರಳಲ್ಲಿ ಬೂಟು ಸದ್ದು ಮಾಡುತ್ತದೆಯೇ?"

ಹಮೂದ್ ಅದನ್ನು ಪಂಚನಾಮೆಯಲ್ಲಿ ಬರೆಸಿದ. ಕಾರಣ ತಿಳಿದುಬಂದಿಲ್ಲ ಎಂದೂ ಬರೆಸಿದ.

ಗಾಳಿ ಇಳಿಸಿದ ಟೈರು ಡಾಂಬರಿನ ಮೇಲೆ ದೂರ ಓಡದು. ಮರಳು ಮುಗಿಯುವಲ್ಲಿ ಮೂರು ಪಂಕ್ಚರ್ ಅಂಗಡಿಗಳಿವೆ. ಎರಡನೆಯದರಲ್ಲಿ ನೆನಪಿದ್ದವರು ಸಿಕ್ಕರು. ಮಧ್ಯಾಹ್ನ 2.40, ಬಿಳಿ ಪಿಕಪ್, ನೀಲಿ ಟಾರ್ಪಾಲು ಹೊದಿಸಿದ ಉದ್ದನೆಯ ಸಾಮಾನು. ಚಾಲಕ ಸಿರಾಜುದ್ದೀನ್, ಶಿಬಿರಗಳಿಗೆ ಸೌದೆ ತರುವವನು, ಕಡಲ ದಂಡೆಯ ಬರ್ಕಾದವನು.

ಗುರುವಾರ ಬೆಳಿಗ್ಗೆ 8.15ಕ್ಕೆ ಬರ್ಕಾದ ತರಕಾರಿ ಮಾರುಕಟ್ಟೆಯ ಹಿಂದೆ ಸಿರಾಜುದ್ದೀನ್ ಚಹಾ ಕುಡಿಯುತ್ತಾ ಸಿಕ್ಕಿದ. ಪೊಲೀಸರನ್ನು ಕಂಡು ಲೋಟ ಕೆಳಗಿಟ್ಟ. ಓಡಲಿಲ್ಲ.

"ದೋಣಿ ಎಲ್ಲಿದೆ?"

"ದೋಣಿಗಳು ಇರೋ ಕಡೆ, ಸಾಬ್," ಎಂದು ಹಿಂದಿಯಲ್ಲಿ ಹೇಳಿದ.

ಸಮುದ್ರದ ದಂಡೆಯಲ್ಲಿ ಮೀನುಗಾರರ ಫೈಬರ್ ದೋಣಿಗಳು ಸಾಲಾಗಿ ಮಲಗಿದ್ದವು. ಹದಿನೇಳನೆಯದು ಮರದ್ದು.

"ಯಾರು ತರಿಸಿದರು?"

"ಹೆಸರು ಹೇಳಲ್ಲ. ಬಾಡಿಗೆಯನ್ನೂ ತಗೊಂಡಿಲ್ಲ. ನನ್ನನ್ನೇ ಒಳಗೆ ಹಾಕಿ."

ಫೋನ್ ಕರೆಗಳ ವಿವರ ತರಿಸಲು ನಾಲ್ಕು ದಿನ ಬೇಕು. ಹಮೂದ್‌ಗೆ ಇದ್ದದ್ದು ಒಂದೂವರೆ ದಿನ. ಅವನು ದೋಣಿಗೆ ಒಂದು ಸುತ್ತು ಬಂದು, ಬೇರೆಯದೇ ಕೇಳಿದ.

"ಆ ಇನ್ನೊಬ್ಬರು ಬೂಟು ಯಾಕೆ ಬಿಚ್ಚಿದರು?"

ಸಿರಾಜುದ್ದೀನ್ ನಕ್ಕುಬಿಟ್ಟ. "ನನಗೂ ಬಿಚ್ಚು ಅಂತ ಬೈದ್ರು ಸಾಬ್. ಹೊತ್ತಾಗ್ತಿದೆ, ಸುಮ್ನೆ ಹಿಡೀರಿ ಅಂದೆ."

ನಝೀರಾ ಅದನ್ನು ತರ್ಜುಮೆ ಮಾಡಿದಳು. ಆಮೇಲೆ ಅರಬಿಯಲ್ಲಿ ತನ್ನದೇ ಮಾತು ಹೇಳಿದಳು. "ನಮ್ಮ ಊರಲ್ಲಿ ಮೀನು ಹಿಡಿಯುವ ಮೊಗವೀರರು ದೋಣಿಯ ಹತ್ತಿರ ಚಪ್ಪಲಿ ಹಾಕಿ ಹೋಗುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಮುರಿದ ದೋಣಿಗೂ ಚಪ್ಪಲಿ ಬಿಡುತ್ತಿದ್ದರು. ಕಚೇರಿ, ಕಂಪ್ಯೂಟರ್ ಎಂದು ಎಲ್ಲಿ ಹೋದರೂ ಅದು ಬಿಡುವುದಿಲ್ಲ."

ಹಮೂದ್ ಅಲ್ಲಿಂದಲೇ ಪೂವಪ್ಪನವರಿಗೆ ಫೋನ್ ಮಾಡಿಸಿದ. ಶಿಬಿರದಲ್ಲಿ ಮೊಗವೀರರ ಮನೆಯವರು ಎಷ್ಟು ಜನ?

"ನಾನು ಪುತ್ತೂರಿನವ. ಸುಕೇಶ್ ಅಂತ ಒಬ್ಬ, ಅವ ಬಂಟ್ವಾಳದವ. ಉಳಿದವರು ಘಟ್ಟದ ಮೇಲಿನವರು," ಎಂದರು ಪೂವಪ್ಪ. "ಲಕ್ಷಿತ್ ಒಬ್ನೇ ಇದ್ದದ್ದು. ಮತ್ತೆ..."

ಮಧ್ಯಾಹ್ನ 1.20ಕ್ಕೆ ಸಮೀಕ್ಷಾ ಅಡುಗೆ ಡೇರೆಯಲ್ಲಿ ನಲವತ್ತು ಜನರ ಸಾರಿಗೆ ಹುಣಸೆ ಕಿವುಚುತ್ತಿದ್ದಳು. ವಯಸ್ಸು ಇಪ್ಪತ್ತೊಂಬತ್ತು. ಹಮೂದ್, ನಝೀರಾ ಒಳಗೆ ಬಂದರು. ಪೂವಪ್ಪ ಬಾಗಿಲಲ್ಲೇ ನಿಂತರು.

"ಬುಧವಾರದ ಕಾವಲಿನ ಪಟ್ಟಿ ಮಾಡಿದವರು ಯಾರು?"

"ನಾನು."

"ಒಂದರಿಂದ ಮೂರಕ್ಕೆ ನಿಮ್ಮ ಹೆಸರು ಹಾಕಿದವರು?"

"ನಾನೇ."

"ದೋಣಿ ಬರ್ಕಾದಲ್ಲಿ ಸಿಕ್ಕಿದೆ."

ಅವಳು ಕೈ ತೊಳೆದುಕೊಂಡಳು. "ಸಿರಾಜಣ್ಣನನ್ನು ಬಿಡಿ. ಶಿಬಿರದ ಅಪ್ಪಣೆ ಉಂಟು ಅಂತ ಅವರಿಗೆ ಸುಳ್ಳು ಹೇಳಿದ್ದು ನಾನು. ಅವರಿಗೆ ಗೊತ್ತಾದದ್ದು ಆಮೇಲೆ."

"ಎಲ್ಲಿಗೆ ಒಯ್ಯಬೇಕೆಂದಿದ್ದಿರಿ?"

"ಎಲ್ಲಿಗೂ ಇಲ್ಲ. ಶುಕ್ರವಾರ ದಾಟಿದರೆ ಸಾಕಿತ್ತು."

"ಸಮೀಕ್ಷಾ," ಎಂದರು ಪೂವಪ್ಪ. "ನಾವು ನಿನ್ನ ಕೇಳಿಯೇ ಮಾಡಿದ್ದಲ್ವಾ? ಮೇ ತಿಂಗಳಲ್ಲಿ ನೀನು ಆಯ್ತು ಅಂದೆ."

"ಆಗ ಯಾರು ಎಂತ ಕೇಳಿದ್ರೂ ಆಯ್ತು ಅಂತಿದ್ದೆ, ಅಣ್ಣ. ಮನೆ ಖಾಲಿ ಮಾಡ್ತೀರಾ ಅಂತ ಕೇಳಿದ್ರು, ಆಯ್ತು ಅಂದೆ. ಅವರ ಬಟ್ಟೆ ಕೊಟ್ಟುಬಿಡುವಾ ಅಂದ್ರು, ಆಯ್ತು ಅಂದೆ. ಬೇಡ ಅಂತ ಅನಿಸುವಷ್ಟರಲ್ಲಿ ನಿಮ್ಮ ಪೋಸ್ಟರ್ ಬಂದಿತ್ತು."

"ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ ನೀವೆಲ್ಲ ಸುತ್ತ ಕೂತು ಸಮಾಧಾನ ಮಾಡ್ತಿದ್ರಿ. ಸಮಾಧಾನ ಮಾಡಿ ಸುಡ್ತಿದ್ರಿ."

1.45ಕ್ಕೆ ಬಂಧನ ದಾಖಲಾಯಿತು. ಹೊರಡುವ ಮುಂಚೆ ಅವಳು ಸಾರಿಗೆ ಉಪ್ಪು ಹಾಕಿಲ್ಲವೆಂದು ಚಲುವರಾಜುಗೆ ಹೇಳಿದಳು.

ನಾಲ್ಕು ಗಂಟೆಗೆ ದೋಣಿ ಠಾಣೆಯ ಅಂಗಳಕ್ಕೆ ಬಂತು. ಪಂಚನಾಮೆಗೆ ಅಳತೆ ತೆಗೆದರು. ಉದ್ದ ಒಂಬತ್ತಡಿ. ಕೂರುವ ಹಲಗೆ ಒಂದು. ಮುಬಾರಕ್ ಅದರಡಿ ಟಾರ್ಚ್ ಹಿಡಿದ. ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ನಝೀರಾ ಬಗ್ಗಿ ಓದಿ ಅರಬಿಯಲ್ಲಿ ಬರೆಸಿದಳು: "ಕೂತರೆ ಅವಳ ಕಾಲು ತಳಕ್ಕೆ ತಾಗಬೇಕು. 13 ಇಂಚು."

ಅಷ್ಟರಲ್ಲಿ ಪೂವಪ್ಪ ಬಂದರು. "ದೂರು ವಾಪಸ್ ತಗೊಳ್ತೇನೆ. ನಮಗೆ ಸುಡುವುದೂ ಬೇಡ, ಎಂತದೂ ಬೇಡ."

"ಶನಿವಾರ ಬನ್ನಿ," ಎಂದ ಹಮೂದ್. "ನೀವು ಮನ್ನಿಸಿದರೆ ಪ್ರಾಸಿಕ್ಯೂಷನ್ ಇದನ್ನು ಮುಗಿಸಬಹುದು. ನಾನೂ ಹಾಗೆಂದೇ ಬರೆಯುತ್ತೇನೆ. ಆದರೆ ಮೇಳದ ಪಟ್ಟಿಯಲ್ಲಿ ಶುಕ್ರವಾರ ಐದೂವರೆ ಎಂದು ಇನ್ನೂ ಇದೆ. ಅದು ದಾಟುವವರೆಗೆ ಈ ದೋಣಿ ಸಾಕ್ಷ್ಯ. ಸಾಕ್ಷ್ಯವನ್ನು ಯಾರೂ ಸುಡುವಂತಿಲ್ಲ."

ಅವನು ತಾನೇ ಮುಂದಿನ ತುದಿಗೆ ಸೀಲಿನ ಪಟ್ಟಿ ಕಟ್ಟಿದ. ಕಟ್ಟುವ ಮುಂಚೆ ಬೂಟು ಬಿಚ್ಚಿ ಗೋಡೆಯ ಬದಿಗಿಟ್ಟ. ಮುಬಾರಕ್ ನೋಡಿದ.

ಹೇಳಿಕೆಯಲ್ಲಿ ಉದ್ದೇಶ ಎಂಬ ಅಂಕಣ ಒಂದು ಉಳಿದಿತ್ತು. ಹಮೂದ್ ಕಾಗದ ಹಿಡಿದು ಒಳಗೆ ಹೋದ.

ಸಮೀಕ್ಷಾ ಬೆಂಚಿನ ಮೇಲೆ ಕೂತಿದ್ದಳು. "ಊರಿನಲ್ಲಿ ಅವರನ್ನು ಒಂದು ಸಲ ಸುಟ್ಟಾಗಿದೆ," ಎಂದಳು. "ಇದನ್ನೂ ಕೊಡಲಾರೆ. ಅಷ್ಟೇ ಬರೀರಿ."

ನಝೀರಾ ಹೇಳಿದ್ದನ್ನು ಹಮೂದ್ ಹಾಗೆಯೇ ಬರೆದ. ಕೆಳಗೆ ಸಮಯ ಹಾಕಿದ, 5.05. ಸಹಿಗೆಂದು ಕಾಗದ ಮುಂದೆ ಚಾಚಿದಾಗ ಅವನ ಕಣ್ಣಿಗೆ ಬಿತ್ತು: ಠಾಣೆಯ ಬೆಂಚು ಎತ್ತರದ್ದು. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಅವನು ಮುಬಾರಕ್‌ನನ್ನು ಕರೆದು, ತಗ್ಗಿನ ಕುರ್ಚಿಯೊಂದನ್ನು ತರಲು ಹೇಳಿದ.